ಸದ್ದು ಮಾಡದ, ತೊಡೆ ಸುಡದ ಲ್ಯಾಪ್‌ಟಾಪು ಸಾಕು

ಶಾಲೆಯ ಕೆಲಸ ಮನೆಗೆ ಬರುವುದು ಹೊಸದಲ್ಲ. ಹಿಂದೆ ಅದು ಉತ್ತರಪತ್ರಿಕೆಗಳ ಕಟ್ಟಾಗಿ ಸೈಕಲ್ಲಿನ ಕ್ಯಾರಿಯರಿನ ಮೇಲೆ ಬರುತ್ತಿತ್ತು. ಈಗ ಲ್ಯಾಪ್‌ಟಾಪಿನೊಳಗೆ ಬರುತ್ತದೆ. ಮಹಾರಾಷ್ಟ್ರದಲ್ಲಿ ‘ಸರಲ್’, ‘ಶಾಲಾರ್ಥ’. ಕೇರಳದಲ್ಲಿ ‘ಸಂಪೂರ್ಣ’, ‘ಸ್ಪಾರ್ಕ್’. ಇಡೀ ದೇಶಕ್ಕೆಂದು ‘ಯು-ಡೈಸ್’. ಹೆಸರುಗಳು ಬೇರೆಯಾದರೂ ತುಂಬಬೇಕಾದ ಕೋಷ್ಟಕಗಳೆಲ್ಲ ಒಂದೇ ಜಾತಿಯವು. ಶಿಕ್ಷಕರ ಮನೆಗಷ್ಟೇ ಈ ಕಷ್ಟ ಬಂದಿದೆಯೆಂದಲ್ಲ. ಸಹಕಾರಿ ಸಂಘದ ಲೆಕ್ಕ ಬರೆಯುವವರು, ಹಾಲಿನ ಡೇರಿಯ ಕಾರ್ಯದರ್ಶಿಗಳು, ವಿಮೆಯ ಏಜೆಂಟರು, ಎಲ್ಲರಿಗೂ ಈಗ ಮನೆಯಲ್ಲೊಂದು ಲ್ಯಾಪ್‌ಟಾಪು ಬೇಕೆನಿಸಿದೆ. ಬೇಕೆನ್ನುವುದರಲ್ಲಿ ತಕರಾರಿಲ್ಲ. ಎಂಥದು ಬೇಕು ಎಂಬುದರಲ್ಲಿ ಮಾತ್ರ ನಮಗೂ ಅಂಗಡಿಕಾರರಿಗೂ ಭಿನ್ನಾಭಿಪ್ರಾಯವಿದೆ.

ನಾವಿದನ್ನು ಬರೆಯುತ್ತಿರುವುದು ನೂಲದಿಂದ. ಕೊಲ್ಹಾಪುರ ಜಿಲ್ಲೆ, ಗಡಹಿಂಗ್ಲಜ ತಾಲೂಕು. ಕಾಸರಗೋಡಿನ ವಾಚಕರಿಗೆ ಊರಿನ ಹೆಸರು ಹೊಸದಾಗಿರಬಹುದು. ಬದುಕಿನ ರೀತಿ ಹೊಸದಾಗಿರಲಾರದು. ಮನೆಯೊಳಗೆ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮತ್ತೊಂದು ಭಾಷೆ. ನಮ್ಮ ಮಕ್ಕಳ ಕನ್ನಡ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಅಚ್ಚು ಹಾಕುತ್ತದೆ, ನಿಮ್ಮ ಮಕ್ಕಳದನ್ನು ತಿರುವನಂತಪುರದವರು ಸಿದ್ಧಪಡಿಸುತ್ತಾರೆ. ಇಂಥ ಮನೆಗಳಲ್ಲಿ ಲ್ಯಾಪ್‌ಟಾಪಿಗೆ ಇನ್ನೊಂದು ಕೆಲಸವೂ ಇದೆ. ಕನ್ನಡದಲ್ಲಿ ಒಂದು ಅರ್ಜಿ, ಒಂದು ಪ್ರಶ್ನೆಪತ್ರಿಕೆ, ಒಂದು ಲಗ್ನಪತ್ರಿಕೆಯ ಕರಡು ಟೈಪಾಗಬೇಕಿದ್ದರೆ ನಮ್ಮ ಕಡೆಯವರು ಎಷ್ಟೋ ವರ್ಷ ಗಡಿ ದಾಟಿ ಸಂಕೇಶ್ವರಕ್ಕೆ ಹೋಗಿಬರುತ್ತಿದ್ದರು. ಮನೆಯಲ್ಲಿ ಯಂತ್ರವಿದ್ದರೆ ಆ ಓಡಾಟ ತಪ್ಪುತ್ತದೆ. ಆದರೆ ಆ ಯಂತ್ರ ಹತ್ತು ನಿಮಿಷಕ್ಕೆ ಕಾದು, ಇಪ್ಪತ್ತು ನಿಮಿಷಕ್ಕೆ ಗಿರಣಿಯಂತೆ ಗುಂಯ್‌ಗುಡುತ್ತಿದ್ದರೆ ಯಾರೂ ಅದನ್ನು ತೆರೆಯುವುದಿಲ್ಲ. ಅದು ಕಪಾಟಿನಲ್ಲಿ ಕೂರುತ್ತದೆ; ಅರ್ಜಿಯು ಮತ್ತೆ ಪೇಟೆಯ ಅಂಗಡಿಗೆ ಹೋಗಿ ಮತ್ತೊಂದು ಭಾಷೆಯಲ್ಲಿ ಟೈಪಾಗಿ ಬರುತ್ತದೆ. ನಮ್ಮ ಪರಿಚಯದ ಮನೆಗಳಲ್ಲೇ ಹೀಗಾದದ್ದನ್ನು ನೋಡಿ ಈ ಮಾತು ಹೇಳುತ್ತಿದ್ದೇವೆ.

ಸದ್ದಿಲ್ಲದ ಯಂತ್ರ ಬೇಕೆನ್ನುವುದನ್ನು ಶೋಕಿ ಎನ್ನುವವರಿದ್ದಾರೆ. ನಮ್ಮ ಕಡೆಯ ಮನೆಗಳನ್ನು ಅವರು ನೋಡಿಲ್ಲವೆಂದು ತೋರುತ್ತದೆ. ಇರುವುದೊಂದು ಪಡಸಾಲೆ. ಒಂದು ಮೂಲೆಯಲ್ಲಿ ಹತ್ತನೆಯ ಇಯತ್ತೆಯ ಹುಡುಗಿ ಗಣಿತ ಮಾಡುತ್ತಿರುತ್ತಾಳೆ, ಇನ್ನೊಂದು ಮೂಲೆಯಲ್ಲಿ ಅಜ್ಜಿ ಮಲಗಿರುತ್ತಾಳೆ, ನಡುವೆ ತಾಯಿ ಅಂಕಪಟ್ಟಿ ತುಂಬುತ್ತಿರುತ್ತಾಳೆ. ರಾತ್ರಿ ಹತ್ತರ ಮೇಲೆ ಊರು ಮಲಗಿದಾಗ ಸಣ್ಣ ಫ್ಯಾನಿನ ಸದ್ದೂ ದೊಡ್ಡದೇ. ಸದ್ದನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಕಿವಿಗೆ ಅದು ಸುಮಾರು ಎರಡು ಪಟ್ಟಾಗಿ ಕೇಳಿಸುತ್ತದೆ. ಆದುದರಿಂದ 30 ಇದ್ದದ್ದು 40 ಆದರೆ ‘ಸ್ವಲ್ಪ ಜಾಸ್ತಿ’ ಎಂದು ತಳ್ಳಿಹಾಕುವಂತಿಲ್ಲ. ಮೇಲಾಗಿ ಅಧಿಕಾರಿಗಳ ಆನ್‌ಲೈನ್ ಸಭೆಯಲ್ಲಿ ನಮ್ಮ ಮಾತಿಗಿಂತ ಮುಂಚೆ ನಮ್ಮ ಫ್ಯಾನೇ ಮಾತನಾಡತೊಡಗಿದರೆ ಅದರ ಅವಸ್ಥೆ ಬೇರೆ.

ಈಗ ಮೂಲ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪು ನುಂಗುವ ವಿದ್ಯುಚ್ಛಕ್ತಿಯೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಆ ಶಾಖವನ್ನು ಫ್ಯಾನು ಹೊರದೂಡಬೇಕು, ಇಲ್ಲವೇ ಯಂತ್ರದ ಮೈಯೇ ಹೊರಸೂಸಬೇಕು. ಫ್ಯಾನನ್ನು ಜೋರಾಗಿ ಓಡಿಸಿದರೆ ಮೈ ತಣ್ಣಗಿದ್ದು ಸದ್ದಾಗುತ್ತದೆ. ಓಡಿಸದಿದ್ದರೆ ಸದ್ದಿಲ್ಲದೆ ಮೈ ಕಾಯುತ್ತದೆ. ‘ಸದ್ದಿಲ್ಲ’ ಎಂದು ಹೇಳಿ ಮಾರುವ ಯಂತ್ರವೆಲ್ಲ ತಣ್ಣಗಿರುತ್ತದೆಂದು ನಂಬಬಾರದು. ಎರಡೂ ಒಟ್ಟಿಗೆ ಬೇಕೆಂದರೆ ಉಪಾಯ ಒಂದೇ: ಕಡಿಮೆ ವ್ಯಾಟ್ ತಿನ್ನುವ ಯಂತ್ರ. ಹೊಟ್ಟೆಗೆ ಕಡಿಮೆ ಹೋದರೆ ಬೆವರೂ ಕಡಿಮೆ.

ಅಂಗಡಿಯಲ್ಲಿ ಮಾತ್ರ ವ್ಯಾಟಿನ ಮಾತು ಏಳುವುದಿಲ್ಲ. ಅಲ್ಲಿ ‘ಐ3’, ‘ಐ5’, ‘ಐ7’ ಎಂಬ ಅಂಕಿಗಳದೇ ಕಾರುಬಾರು. ಮೇಲಿನ ತರಗತಿಗೆ ಪಾಸಾದ ಹುಡುಗನಂತೆ ದೊಡ್ಡ ಅಂಕಿಯೇ ಜಾಣ ಎಂಬ ಭಾವನೆ. ನೋಡಬೇಕಾದದ್ದು ಹೆಸರಿನ ಕೊನೆಯ ಅಕ್ಷರವನ್ನು. ಇಂಟೆಲ್ ಕಂಪನಿಯ ಚಿಪ್ಪಿನ ಹೆಸರು ‘ಎಚ್’ ಅಕ್ಷರದಿಂದ ಮುಗಿದರೆ ಅದು ಸಾಮಾನ್ಯವಾಗಿ 45 ವ್ಯಾಟಿನ ವರ್ಗದ್ದು. ಆಟಗಳಿಗೆ, ವಿಡಿಯೋ ಕತ್ತರಿಸಿ ಜೋಡಿಸುವವರಿಗೆ ಹೇಳಿದ್ದು. ‘ಯು’ ಎಂದಿದ್ದರೆ ಬಹುತೇಕ 15 ವ್ಯಾಟಿನದು. ಇವೆರಡಕ್ಕಿಂತ ಕೆಳಗೆ, 2023ರ ಆರಂಭದಲ್ಲಿ ಬಂದ ‘ಎನ್100’ ಎಂಬುದು ಕೇವಲ 6 ವ್ಯಾಟಿನದು. ಹೆಸರಿನಲ್ಲಿ ‘ಐ’ ಇಲ್ಲವೆಂದು ಅಂಗಡಿಯವರು ಅದನ್ನು ಮೂಲೆಗೆ ತಳ್ಳಿರುತ್ತಾರೆ. ಕೋಷ್ಟಕ ತುಂಬುವುದು, ಪತ್ರ ಬರೆಯುವುದು, ಅಂತರ್ಜಾಲ ನೋಡುವುದು, ಸಭೆಗೆ ಮುಖ ತೋರಿಸುವುದು, ಇಷ್ಟಕ್ಕೆ ಅದು ಧಾರಾಳವಾಗಿ ಸಾಕು.

‘ಯು’ ವರ್ಗದವಕ್ಕೂ ಒಂದು ಗುಟ್ಟಿದೆ. 15 ವ್ಯಾಟ್ ಎಂಬುದು ಅವುಗಳ ಸಾಧಾರಣ ಊಟ. ಅವಸರ ಬಿದ್ದಾಗ ಸ್ವಲ್ಪ ಹೊತ್ತು ಅವು ಅದರ ಮೂರು ಪಟ್ಟಿಗಿಂತ ಹೆಚ್ಚು ತಿನ್ನಬಲ್ಲವು. ಬಹಳ ಮಾರಾಟವಾದ ಐ5-1235ಯು ಎಂಬ ಚಿಪ್ಪಿಗೆ ಕಂಪನಿಯೇ ಕೊಟ್ಟಿರುವ ಗರಿಷ್ಠ ಮಿತಿ 55 ವ್ಯಾಟ್. ಒಂದು ಪುಟ ತೆರೆದೊಡನೆ ಫ್ಯಾನು ಒಮ್ಮೆಗೇ ಅರಚಿ ಮತ್ತೆ ಸುಮ್ಮನಾಗುವುದು ಇದರಿಂದಲೇ. ಇದಕ್ಕೆ ಕಾಸಿಲ್ಲದ ಔಷಧಿಯಿದೆ. ವಿಂಡೋಸಿನ ವಿದ್ಯುತ್ ವ್ಯವಸ್ಥೆಯ ಆಯ್ಕೆಗಳಲ್ಲಿ ‘ಗರಿಷ್ಠ ಪ್ರೊಸೆಸರ್ ಸ್ಥಿತಿ’ ಎಂಬ ಕಡೆ 100 ಇರುವುದನ್ನು 99 ಮಾಡಿದರೆ ಹೆಚ್ಚಿನ ಯಂತ್ರಗಳಲ್ಲಿ ಈ ಅವಸರದ ಓಟ ನಿಂತುಹೋಗುತ್ತದೆ. ಬರೇ ಒಂದು ಅಂಕಿಯ ವ್ಯತ್ಯಾಸಕ್ಕೆ ಇಷ್ಟು ಶಾಂತಿಯೇ ಎಂದು ನಮ್ಮ ಶಿಕ್ಷಕ ಮಿತ್ರರು ಸೋಜಿಗಪಟ್ಟದ್ದುಂಟು. ಪುಟ ತೆರೆಯುವುದು ಒಂದರ್ಧ ಕ್ಷಣ ತಡವಾಗಬಹುದು. ನಮ್ಮ ಸರಕಾರಿ ಜಾಲತಾಣಗಳ ವೇಗದ ಮುಂದೆ ಆ ತಡವು ಯಾರ ಗಮನಕ್ಕೂ ಬರಲಾರದು.

ಅಕ್ಷರ, ಅಂಕಿಗಳು ನೆನಪಿನಲ್ಲಿ ಉಳಿಯದವರಿಗೆ ಇನ್ನೊಂದು ಸುಲಭದ ಗುರುತು ಹೇಳುತ್ತೇವೆ. ಲ್ಯಾಪ್‌ಟಾಪನ್ನು ಬಿಟ್ಟು ಅದರ ಚಾರ್ಜರನ್ನು ಕೈಗೆತ್ತಿಕೊಳ್ಳಿ. ಅದರ ಮೇಲೆ 45 ಅಥವಾ 65 ವ್ಯಾಟ್ ಎಂದಿದ್ದರೆ ಯಂತ್ರ ಮನೆಗೆ ತಕ್ಕದ್ದು. 150, 180, 230 ಎಂದಿದ್ದು ಚಾರ್ಜರೇ ಇಟ್ಟಿಗೆಯಷ್ಟು ಭಾರವಿದ್ದರೆ ಅದನ್ನು ಅಲ್ಲೇ ಕೆಳಗಿಟ್ಟು ಬನ್ನಿ. ಒಂದು ಪೇಟೆಯ ಅಂಗಡಿಯಲ್ಲಿ, ಹೆಸರು ಬೇಡ, ಅಂಕಪಟ್ಟಿ ತುಂಬಲು ಬೇಕೆಂದು ಹೇಳಿದ ನಮಗೆ ಕೀಲಿಗಳಡಿ ಬಣ್ಣಬಣ್ಣದ ದೀಪ ಉರಿಯುವ ಯಂತ್ರವನ್ನು ತೋರಿಸಿ, ‘ಮಕ್ಕಳ ಮುಂದಿನ ಭವಿಷ್ಯಕ್ಕೂ ಆಗುತ್ತದೆ’ ಎಂದರು. ಮಕ್ಕಳ ಭವಿಷ್ಯದ ಹೆಸರಿನಲ್ಲಿ ನಮ್ಮ ಜನ ಎಷ್ಟೊಂದು ಕಂತುಗಳನ್ನು ಕಟ್ಟಿಲ್ಲ!

ಫ್ಯಾನೇ ಇಲ್ಲದ ಯಂತ್ರಗಳೂ ಇವೆ. ಆ್ಯಪಲ್ ಕಂಪನಿಯ ಮ್ಯಾಕ್‌ಬುಕ್ ಏರ್ 2020ರ ನವೆಂಬರಿನಿಂದ ತನ್ನದೇ ಎಂ1 ಚಿಪ್ಪಿನೊಡನೆ, ಫ್ಯಾನಿಲ್ಲದೆ ಬಂತು. ಒಳ್ಳೆಯ ಯಂತ್ರವೆಂಬುದರಲ್ಲಿ ಎರಡು ಮಾತಿಲ್ಲ. ಬಂದಾಗ ನಮ್ಮ ದೇಶದಲ್ಲಿ ಅದರ ಬೆಲೆ 92,900 ರೂಪಾಯಿ ಎಂಬುದರಲ್ಲಿಯೂ ಎರಡು ಮಾತಿಲ್ಲ. ಇನ್ನೊಂದು ತುದಿಯಲ್ಲಿ 2023ರ ಜುಲೈ ಕೊನೆಗೆ ಬಂದ ಜಿಯೋಬುಕ್: ಬಂದಾಗಿನ ಬೆಲೆ 16,499 ರೂಪಾಯಿ, ತೂಕ 990 ಗ್ರಾಮು, ಒಳಗೆ ಫೋನಿನ ಜಾತಿಯ ಚಿಪ್ಪು. ತಣ್ಣಗಿರುತ್ತದೆ, ಸದ್ದಿಲ್ಲ. ಆದರೆ 4 ಜಿಬಿ ಮೆಮರಿ, ಮತ್ತು ಒಳಗಿರುವುದು ವಿಂಡೋಸ್ ಅಲ್ಲ.

ವಿಂಡೋಸ್ ಅಲ್ಲದಿದ್ದರೇನು ಎಂದು ಕೇಳಬಹುದು. ಇಲ್ಲಿಯೇ ಕನ್ನಡದ ಮಾತು ಬರುತ್ತದೆ. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರಕಾರಕ್ಕಾಗಿ ಮಾಡಿಕೊಟ್ಟ ‘ನುಡಿ’, ಇವೆರಡೂ ವಿಂಡೋಸಿನಲ್ಲಿ ಹುಟ್ಟಿ ಬೆಳೆದವು. ಹಳೆಯ ಪ್ರಶ್ನೆಪತ್ರಿಕೆಗಳು, ಸಂಘಗಳ ನಡಾವಳಿಗಳು, ಸ್ಮರಣಸಂಚಿಕೆಗಳ ಕರಡುಗಳು ಇವತ್ತಿಗೂ ಆ ಹಳೆಯ ಅಕ್ಷರವಿನ್ಯಾಸಗಳಲ್ಲೇ ಕೂತಿವೆ. ಅವನ್ನು ಫೋನಿನ ಜಾತಿಯ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳ ಜಾತ್ರೆ ಕಾಣುತ್ತದೆ. ಹಳೆಯ ಕಡತಗಳ ಕೆಲಸ ಇರುವವರು ವಿಂಡೋಸನ್ನೇ ಕೊಳ್ಳತಕ್ಕದ್ದು. ಹೊಸದಾಗಿ ಬರೆಯುವವರಿಗೆ ಈ ಬಂಧನವಿಲ್ಲ. ಯೂನಿಕೋಡ್ ಕನ್ನಡ ಎಲ್ಲ ಕಡೆಯೂ ಒಂದೇ. ಕಾಸರಗೋಡಿಗೆ ಹತ್ತಿರದ ಕರಾವಳಿಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸವಂತೂ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಕೂತಿದೆ. ತಾವು ಮಾಡಿದ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟದ್ದನ್ನು ಬಲ್ಲವರು ಬಲ್ಲರು.

ಲಿನಕ್ಸಿನ ವಿಷಯದಲ್ಲಿ ನಾವು ಗಡಹಿಂಗ್ಲಜದ ಕಡೆಯವರು ಕಾಸರಗೋಡಿನವರನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚು ಪಡಬೇಕು. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶದ ದಾರಿ ಹಿಡಿಯಿತು. 2017ರಲ್ಲಿ ಅದೇ ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು. ಅಲ್ಲಿಯ ಮಕ್ಕಳು ಶಾಲೆಯಲ್ಲೇ ಲಿನಕ್ಸಿನಲ್ಲಿ ಕೈ ಆಡಿಸಿ ಬೆಳೆಯುತ್ತಾರೆ. ಅವರ ಮನೆಗೆ ಕಡಿಮೆ ವ್ಯಾಟಿನ ಸಾದಾ ಯಂತ್ರ ತಂದರೂ ಅದನ್ನು ಹದಗೊಳಿಸಲು ಯಾರನ್ನೂ ಕರೆಯಬೇಕಾಗಿಲ್ಲ. ಒಂಬತ್ತನೆಯ ತರಗತಿಯ ಹುಡುಗನೇ ಸಾಕು. ನಮ್ಮ ತಲೆಮಾರಿನ ಟಿ.ಸಿ.ಎಚ್. ಶಿಕ್ಷಕರು ಕರಿಹಲಗೆಯ ಮೇಲೆ ದುಂಡಗೆ ಬರೆಯುವುದನ್ನು ಕಲಿತು ಬಂದವರು. ಉಳಿದದ್ದನ್ನೆಲ್ಲ ಮಕ್ಕಳಿಂದಲೇ ಕಲಿಯುತ್ತಿದ್ದೇವೆ.

2024ರಿಂದೀಚೆಗೆ ಸ್ನ್ಯಾಪ್‌ಡ್ರಾಗನ್ ಎಕ್ಸ್ ಎಂಬ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳೂ ಬಂದಿವೆ. ಹಗುರ ಕೆಲಸಕ್ಕೆ ತಣ್ಣಗಿರುತ್ತವೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಆದರೆ ಮನೆಯಲ್ಲಿ ಹಳೆಯ ಪ್ರಿಂಟರಿದ್ದರೆ ಮೊದಲು ವಿಚಾರಿಸಬೇಕು. ಈ ಚಿಪ್ಪಿಗೆ ಪ್ರಿಂಟರಿನ ಚಾಲಕ ತಂತ್ರಾಂಶ ಬೇರೆಯೇ ಬೇಕಾಗುತ್ತದೆ. ಹಳೆಯ ಮಾದರಿಗಳಿಗೆ ಅದು ಇಲ್ಲದಿರುವುದುಂಟು. ಪ್ರಿಂಟಾಗದ ಲ್ಯಾಪ್‌ಟಾಪು ಎಷ್ಟು ತಣ್ಣಗಿದ್ದರೇನು?

ಮೆಮರಿ, ಡಿಸ್ಕುಗಳ ಮಾತನ್ನು ಚುಟುಕಾಗಿ ಮುಗಿಸುತ್ತೇವೆ. ವಿಂಡೋಸ್ 11 ನಡೆಯಲು 4 ಜಿಬಿ ಸಾಕೆಂದು ಕಂಪನಿಯ ಕನಿಷ್ಠ ಪಟ್ಟಿಯಲ್ಲಿದೆ. ನಡೆಯುವುದು ಬೇರೆ, ಕೆಲಸ ಮಾಡುವುದು ಬೇರೆ. 8 ಜಿಬಿಗಿಂತ ಕಡಿಮೆಯದನ್ನು ಕೊಳ್ಳಲೇಬಾರದು. ಮೆಮರಿ ಸಾಲದಾದಾಗ ಯಂತ್ರ ಡಿಸ್ಕಿಗೂ ಮೆಮರಿಗೂ ಹೊತ್ತು ಹಾಕಿ ದಣಿಯುತ್ತದೆ. ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಹಳೆಯ ಡಿಸ್ಕು ನಿಮಿಷಕ್ಕೆ 5,400 ಸುತ್ತು ತಿರುಗುತ್ತ ಕಟಕಟ ಅನ್ನುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಲ್ಯಾಪ್‌ಟಾಪುಗಳ ವಿಮರ್ಶೆ ಬರೆಯುವವರು ಬಹುಮಟ್ಟಿಗೆ ತಂಪು ಕೋಣೆಯಲ್ಲಿ ಕೂತಿರುತ್ತಾರೆ. 25 ಡಿಗ್ರಿಯ ಕೋಣೆಯಲ್ಲಿ ಯಂತ್ರದ ಬೆನ್ನು 37 ಡಿಗ್ರಿಗೆ ಏರಿತೆಂದು ಬರೆದಿದ್ದರೆ, ವೈಶಾಖದ ಮಧ್ಯಾಹ್ನ 35 ಡಿಗ್ರಿ ಇರುವ ನಮ್ಮ ಹೆಂಚಿನ ಮನೆಯಲ್ಲಿ ಅದು ಹೆಚ್ಚುಕಡಿಮೆ 47ಕ್ಕೆ ಏರುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ತಾಸುಗಟ್ಟಲೆ ಕೂರುವುದು ಬೇಡ. 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರಿಬ್ಬರು 12 ವರ್ಷದ ಹುಡುಗನೊಬ್ಬನ ಸಂಗತಿ ಬರೆದಿದ್ದರು: ತಿಂಗಳುಗಟ್ಟಲೆ ದಿನಕ್ಕೆ ಕೆಲವು ತಾಸು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಡಿದ್ದರಿಂದ ಎಡತೊಡೆಯ ಚರ್ಮ ಬಲೆಯಂತೆ ಕಂದಿಹೋಗಿತ್ತು. ಸುಟ್ಟಗಾಯವಾಗುವಷ್ಟು ಬಿಸಿಯಲ್ಲ, ಆದರೆ ಪ್ರತಿದಿನದ ಬಿಸಿ. ಒಲೆಯ ಮುಂದೆ, ಅಗ್ಗಿಷ್ಟಿಕೆಯ ಮುಂದೆ ವರ್ಷಗಟ್ಟಲೆ ಕೂತವರ ಕಾಲಿನ ಮೇಲೆ ಬೀಳುವ ಕಂದುಬಲೆಯೂ ಇದೇ. ಹಾಸಿಗೆಯ ಮೇಲೆ, ಕೌದಿಯ ಮೇಲೆ ಇಡುವುದು ಇದಕ್ಕಿಂತ ಕೆಟ್ಟದ್ದು. ಹೆಚ್ಚಿನ ಯಂತ್ರಗಳು ಹೊಟ್ಟೆಯ ಕೆಳಗಿನಿಂದ ಗಾಳಿ ಎಳೆಯುತ್ತವೆ. ಕೌದಿ ಆ ಮೂಗನ್ನೇ ಮುಚ್ಚುತ್ತದೆ. ಊಟಕ್ಕೆ ಕೂರುವ ಮಣೆ ಎಲ್ಲರ ಮನೆಯಲ್ಲೂ ಇದೆ. ಅದರ ಮೇಲಿಟ್ಟು, ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಸ್ವಲ್ಪ ಎತ್ತರಿಸಿದರೆ ಸಾವಿರ ರೂಪಾಯಿಯ ‘ಕೂಲಿಂಗ್ ಪ್ಯಾಡ್’ ಬೇಕಾಗಿಲ್ಲ.

ನಮ್ಮ ಕಡೆಯ ಇನ್ನೊಂದು ವೈರಿ ಧೂಳು. ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟಾಗ ಕರಿಬೂದಿಯ ಎಸಳುಗಳು ಹಾರಿ ಬಂದು ಅಂಗಳದಲ್ಲಿ, ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿ ತೆರೆದಿದ್ದರೆ ಮೇಜಿನ ಮೇಲೂ ಬೀಳುತ್ತವೆ. ಫ್ಯಾನಿರುವ ಯಂತ್ರ ಅದನ್ನೆಲ್ಲ ಉಸಿರಾಡುತ್ತದೆ. ಇಚಲಕರಂಜಿಯ ಕಡೆ ಇನ್ನೂ ಬೇರೆ ಸಂಗತಿ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದ ಊರದು. ಇವತ್ತು ಓಣಿಓಣಿಗಳಲ್ಲಿ ಮಗ್ಗಗಳ ಖಟಖಟ. ಅಲ್ಲಿ ದುಡಿಯುವ ಕನ್ನಡ ಕುಟುಂಬಗಳಿಗೆ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಕೇಳಿಸುವ ಪ್ರಶ್ನೆಯೇ ಇಲ್ಲ. ಆದರೂ ಫ್ಯಾನಿಲ್ಲದ ಯಂತ್ರ ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಅವರಿಗೇ. ಮಗ್ಗದ ಮನೆಯ ಗಾಳಿಯಲ್ಲಿ ತೇಲುವ ಹತ್ತಿಯ ನವುರು ಫ್ಯಾನಿನ ಹಿಂದಿನ ತೆಳು ತಗಡುಗಳ ನಡುವೆ ಹಾಸಿಗೆಯಂತೆ ಕೂಡಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಸದ್ದು ಕೇಳಿಸದ್ದರಿಂದ ಯಂತ್ರ ಕಷ್ಟಪಡುತ್ತಿರುವುದೂ ತಿಳಿಯುವುದಿಲ್ಲ. ಒಂದು ದಿನ ತಾನಾಗಿ ಆರಿಹೋದಾಗಲೇ ತಿಳಿಯುವುದು. ನಮ್ಮೂರಿನ ಹೆಸರಿನಲ್ಲೂ ನೂಲಿದೆ, ಆದರೆ ನವುರಿನ ಕಾಟ ಇಲ್ಲಿಲ್ಲ. ಕರಾವಳಿಯ ಕೆಂಪುಮಣ್ಣಿನ ಧೂಳು, ಆಟಿಯ ತೇವ ಇವುಗಳ ಲೆಕ್ಕವನ್ನು ಕಾಸರಗೋಡಿನ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು.

ಕರೆಂಟಿನ ಲೆಕ್ಕವನ್ನೂ ನೋಡಬೇಕು. 50 ವ್ಯಾಟ್-ತಾಸಿನ ಬ್ಯಾಟರಿಯಿಂದ 8 ವ್ಯಾಟ್ ತಿನ್ನುವ ಯಂತ್ರ ಆರು ತಾಸು ನಡೆದರೆ, 20 ವ್ಯಾಟ್ ತಿನ್ನುವುದು ಎರಡೂವರೆ ತಾಸಿಗೆ ಕೈಕೊಡುತ್ತದೆ. ಸಂಜೆ ಕರೆಂಟು ಹೋಗಿ, ರಾತ್ರಿ 12ಕ್ಕೆ ಮಾಹಿತಿ ತುಂಬುವ ಗಡುವು ಮುಗಿಯುವ ದಿನ ಈ ವ್ಯತ್ಯಾಸ ಬಹಳ ದೊಡ್ಡದು. 10 ವ್ಯಾಟಿನ ಯಂತ್ರ ನೂರು ತಾಸು ನಡೆದರೆ ಒಂದು ಯೂನಿಟ್ಟು ಮಾತ್ರ. ಚಾವಣಿಯ ಹಳೆಯ ಫ್ಯಾನು ಅದನ್ನು ಹದಿನಾಲ್ಕು ತಾಸಿನೊಳಗೆ ತಿಂದುಬಿಡುತ್ತದೆ.

ಕೊಳ್ಳಲು ಹೋಗುವವರು ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಬೇಕು. ಮಧ್ಯಾಹ್ನದ ಗದ್ದಲದಲ್ಲಿ ಯಾವ ಯಂತ್ರವೂ ಮೌನಿಯೇ. ಚಾರ್ಜರು ಸಿಕ್ಕಿಸಿ, ಏಳೆಂಟು ಪುಟ ತೆರೆದು, ಒಂದು ವಿಡಿಯೋ ಹಚ್ಚಿ ಅರ್ಧ ತಾಸು ಬಿಡಲು ಹೇಳಿ. ನಂತರ ಕೀಲಿಗಳ ಮೇಲ್ಭಾಗದಲ್ಲಿ, ತಿರುಗಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ. ಅಂಗೈ ತಾನಾಗಿ ಹಿಂದೆ ಸರಿದರೆ ಮುಂದಿನದನ್ನು ತೋರಿಸಲು ಹೇಳಿ. ಕಿವಿಯನ್ನೂ ಹತ್ತಿರ ಒಯ್ಯಿರಿ. ಫ್ಯಾನಿಲ್ಲದಿದ್ದರೂ ಕೆಲವು ಯಂತ್ರಗಳು ಸಣ್ಣಗೆ ಚೀರುತ್ತವೆ. ಅದು ಒಳಗಿನ ಸುರುಳಿಗಳ ನಡುಕ, ರಾತ್ರಿ ಅದೇ ದೊಡ್ಡದಾಗುತ್ತದೆ. ಅರ್ಧ ತಾಸು ಬಿಡಲು ಒಪ್ಪದ ಅಂಗಡಿಯಿಂದ ನಲವತ್ತು ಸಾವಿರದ ವಸ್ತುವನ್ನು ಏಕೆ ಕೊಳ್ಳಬೇಕು? ಸೀರೆ ಅಂಗಡಿಯಲ್ಲಿ ನಾವು ಇದಕ್ಕಿಂತ ಹೆಚ್ಚು ಹೊತ್ತು ಕೂರುತ್ತೇವೆ, ಯಾರೂ ಬೇಡವೆನ್ನುವುದಿಲ್ಲ.

ಹೊಸದನ್ನೇ ಕೊಳ್ಳಬೇಕೆಂದೂ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತದ್ದರಿಂದ ಎಷ್ಟೋ ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪು ನಿರುಪಯೋಗವೆಂದು ಮೂಲೆ ಸೇರಿದೆ. ಅದು ‘ಯು’ ವರ್ಗದ್ದಾಗಿದ್ದರೆ ಬಿಸಾಡುವ ಮುನ್ನ ಹಿಂಬದಿ ಬಿಚ್ಚಿಸಿ ಧೂಳು ತೆಗೆಸಬೇಕು, ಚಿಪ್ಪಿನ ಮೇಲೆ ಒಣಗಿಹೋದ ಶಾಖವಾಹಕ ಲೇಪವನ್ನು ಬದಲಿಸಬೇಕು, ಹಾರ್ಡ್‌ಡಿಸ್ಕಿದ್ದರೆ ಎಸ್‌ಎಸ್‌ಡಿ ಹಾಕಿಸಿ ಲಿನಕ್ಸನ್ನು ಹೂಡಬೇಕು. ನಮ್ಮ ಶಿಕ್ಷಕ ಬಳಗದಲ್ಲಿ ಹೀಗೆ ಮಾಡಿಸಿದ ಒಂದೆರಡು ಯಂತ್ರಗಳಿವೆ. ಹತ್ತನೆಯ ಇಯತ್ತೆಯ ಸರಾವ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಗಳು ಈಗ ಅವುಗಳಲ್ಲೇ ತಯಾರಾಗುತ್ತವೆ, ಮಕ್ಕಳು ಮಲಗಿದ ಮೇಲೆ, ಅದೇ ಪಡಸಾಲೆಯಲ್ಲಿ.